ಎರಡೂ ಕೈಯ ಟ್ಯಾಪಿಂಗ್‌ಗೆ ಬೇಸ್ ಗಿಟಾರ್ ಹದ ಮಾಡುವುದು ಹೇಗೆ?

ಪ್ರಶ್ನೆ: ನಾನು ಬಸವನಗುಡಿಯವನು. ನನ್ನದು ನಾಲ್ಕು ತಂತಿಯ ಬೇಸ್ ಗಿಟಾರ್. ಎರಡೂ ಕೈಯಿಂದ ಟ್ಯಾಪಿಂಗ್ (ತಂತಿ ಮೀಟದೆ ಬೆರಳಿನಿಂದ ಬಡಿದು ನುಡಿಸುವುದು) ಕಲಿಯುತ್ತಿದ್ದೇನೆ. ಬಲಗೈ ಸ್ವರ ಕೇಳಿಸುವುದೇ ಇಲ್ಲ. ಬ್ರಿಡ್ಜ್‌ನಲ್ಲಿ (ಮೈ ಮೇಲೆ ತಂತಿ ಕೂರುವ ಜಾಗ) ತಂತಿ ಇಳಿಸಿದರೆ ಎಲ್ಲೆಡೆ ಜರ್ರ್ ಅನ್ನುತ್ತದೆ. ಏನು ಮಾಡಲಿ?

ಉತ್ತರ: ಬ್ರಿಡ್ಜ್‌ಗೆ ಕೊನೆಯಲ್ಲಿ ಕೈ ಹಾಕಿ. ಮೊದಲು ನೋಡಬೇಕಾದದ್ದು ನೆಕ್, ಅಂದರೆ ಲೋಹದ ಅಡ್ಡಪಟ್ಟಿಗಳು (ಫ್ರೆಟ್) ಕೂತಿರುವ ಉದ್ದನೆಯ ಕತ್ತು. ಟ್ಯಾಪಿಂಗ್‌ನಲ್ಲಿ ತಂತಿ ಮೀಟುವ ಕೈಯೇ ಇಲ್ಲ, ಬೆರಳು ಬಡಿದದ್ದೇ ಸ್ವರ. ನಿಮ್ಮ ಬಲಗೈ ಓಡಾಡುವುದು ಮೈಗೆ ಹತ್ತಿರದ ಮೇಲಿನ ಫ್ರೆಟ್‌ಗಳಲ್ಲಿ. ತಂತಿ ಜಾಸ್ತಿ ಎತ್ತರ ಇರುವುದೂ ಅಲ್ಲೇ, ಅಲ್ವಾ? ಬೆರಳಿನ ಬಲ ತಂತಿಯನ್ನು ಕೆಳಗೆ ತಳ್ಳುವುದರಲ್ಲೇ ಮುಗಿದುಹೋಗುತ್ತದೆ.

ತಂತಿ ಬದಲಿಸುವುದಿದ್ದರೆ ಈಗಲೇ ಬದಲಿಸಿ. 45-105ರ (ತೆಳು ತಂತಿಯ ಮತ್ತು ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಬದಲು 40-95 ಅಥವಾ 40-100ರ ಸೆಟ್ ಹಾಕಿದರೆ ಬೆರಳಿಗೆ ಹಗುರ. ತಂತಿ ತೆಳುವಾದಷ್ಟೂ ನೆಕ್ ಮೇಲಿನ ಎಳೆತ ಕಡಿಮೆಯಾಗಿ ಅದರ ಬಾಗು ಬದಲಾಗುತ್ತದೆ. ಆದ್ದರಿಂದ ಅಳತೆ ಆಮೇಲೆ.

ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡಲು ಬಳಸುವ ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ನೆಕ್ ಬಾಗು ಅಳೆಯಲೂ ಸಾಕು. ಜೆ.ಸಿ. ರಸ್ತೆಯ ಆಟೊ ಸ್ಪೇರ್ಸ್ ಅಂಗಡಿಗಳಲ್ಲಿ ಕೇಳಿ. ಶ್ರುತಿ ಮಾಡಿ, ಮೊದಲ ಫ್ರೆಟ್ಟಿಗೆ ಕೇಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ, ನೆಕ್ ಮೈಗೆ ಸೇರುವ ಜಾಗದ ಫ್ರೆಟ್ಟನ್ನು ಒತ್ತಿಹಿಡಿಯಿರಿ. ಏಳನೆಯ ಫ್ರೆಟ್ ಮೇಲೆ ಸುಮಾರು 0.2 ಮಿ.ಮೀ. ಸಂದು ಇರಲಿ. ಜಾಸ್ತಿ ಇದ್ದರೆ ಟ್ರಸ್ ರಾಡ್ (ನೆಕ್ ಒಳಗೆ ಇರುವ, ಅದರ ಬಾಗು ಸರಿಪಡಿಸುವ ಕಂಬಿ) ಬಿಗಿ ಮಾಡಿ, ಕಡಿಮೆ ಇದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮತ್ತೆ ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು ನೋಡಿ. ನಾನು ಕಲಿಯುವಾಗ ಆತುರಪಟ್ಟು ಒಂದೇ ಸಲ ಪೂರ್ತಿ ಸುತ್ತು ತಿರುಗಿಸಿದ್ದೆ. ಬೆಳಿಗ್ಗೆ ಎತ್ತಿಕೊಂಡರೆ ನೆಕ್ ಹಿಂದಕ್ಕೆ ಬಾಗಿ, ಮೊದಲ ನಾಲ್ಕು ಫ್ರೆಟ್‌ಗಳಲ್ಲಿ ಸ್ವರವೇ ಸತ್ತುಹೋಗಿತ್ತು. ಬೆಂಗಳೂರಿನ ಮಾರ್ಚ್ ಬಿಸಿಲಿಗೂ ಜುಲೈ ಥಂಡಿಗೂ ಮರ ಅಲುಗಾಡುತ್ತದೆ. ಹಾಗಾಗಿ ವರ್ಷಕ್ಕೆ ಎರಡು ಸಲವಾದರೂ ಈ ಅಳತೆ ನೋಡಿ.

ಈಗ ಬ್ರಿಡ್ಜ್. ಹನ್ನೆರಡನೆಯ ಫ್ರೆಟ್‌ನಲ್ಲಿ ದಪ್ಪ ತಂತಿಗೆ 1.6 ಮಿ.ಮೀ., ತೆಳು ತಂತಿಗೆ 1.3 ಮಿ.ಮೀ. ಎತ್ತರ ಟ್ಯಾಪಿಂಗ್‌ಗೆ ಚೆನ್ನಾಗಿರುತ್ತದೆ. ಒಮ್ಮೆಗೇ ಇಳಿಸಬೇಡಿ. ಇಳಿಸಿದ ಮೇಲೆ ಪಿಕಪ್ (ತಂತಿಯ ಕೆಳಗೆ ಅದರ ಕಂಪನ ಹಿಡಿಯುವ ಭಾಗ) ಕೂಡ ಸ್ವಲ್ಪ ತಗ್ಗಿಸಿ. ಇಲ್ಲದಿದ್ದರೆ ಅದರ ಅಯಸ್ಕಾಂತ ತಂತಿಯನ್ನು ಎಳೆದು ಸ್ವರ ಕೆಡುತ್ತದೆ.

ಇನ್ನೊಂದು ತೊಂದರೆ ನೀವು ಬರೆದಿಲ್ಲ, ಆದರೆ ಖಂಡಿತ ಬರುತ್ತದೆ. ಬಡಿದ ಜಾಗದಿಂದ ನಟ್ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಡೆಗಿರುವ ತಂತಿಯೂ ಸುಮ್ನೆ ಇರುವುದಿಲ್ಲ, ಗುಂಯ್ ಅನ್ನುತ್ತದೆ. ಎರಡೂ ಕೈಯ ಟ್ಯಾಪಿಂಗ್‌ಗೆಂದೇ ಅಮೆರಿಕದ ಎಮೆಟ್ ಚಾಪ್ಮನ್ ರೂಪಿಸಿದ ಚಾಪ್ಮನ್ ಸ್ಟಿಕ್ ಎಂಬ ತಂತಿ ವಾದ್ಯದಲ್ಲಿ ಇದನ್ನು ತಡೆಯಲು ನಟ್ ಪಕ್ಕ ಡ್ಯಾಂಪರ್ ಇರುತ್ತದೆ. ನಿಮಗೆ ಮಲ್ಲೇಶ್ವರದ ಎಂಟನೇ ಕ್ರಾಸ್‌ನಲ್ಲಿ ಸಿಗುವ ಬಟ್ಟೆಯ ಹೇರ್ ಬ್ಯಾಂಡ್ ಸಾಕು. ಮೊದಲ ಫ್ರೆಟ್ ಮೇಲೆ ಸುತ್ತಿ. ಬಿಡಿ ತಂತಿ ಬೇಕಾದಾಗ ನಟ್ ಆಚೆಗೆ ಸರಿಸಿ.

ಆಂಪ್‌ಗೆ ಮುಂಚೆ 4:1 ಅನುಪಾತದ ಕಂಪ್ರೆಸರ್ (ಜೋರು ಸದ್ದನ್ನು ತಗ್ಗಿಸುವ ಸಾಧನ) ಇಟ್ಟರೆ ಎರಡು ಕೈಗಳ ಸದ್ದು ಹತ್ತಿರ ಬರುತ್ತದೆ. ಅಭ್ಯಾಸ ಮಾತ್ರ ಅದಿಲ್ಲದೆಯೇ ಮಾಡಿ.

ಇಷ್ಟಾದ ಮೇಲೂ ಜರ್ರ್ ಅಂದರೆ ಬಹುಶಃ ಫ್ರೆಟ್‌ಗಳೇ ಸಮ ಇಲ್ಲ. ವೀಣೆಯಲ್ಲಾದರೆ ಮೇಣ ಕರಗಿಸಿ ಮೆಟ್ಟಿಲು ಮತ್ತೆ ಕೂರಿಸಬಹುದು. ಇಲ್ಲಿ ಅರದಲ್ಲಿ ಉಜ್ಜಿಯೇ ಸಮ ಮಾಡಬೇಕು. ಅದು ನುರಿತವರ ಕೆಲಸ, ಮನೆಯಲ್ಲಿ ಬೇಡ. ಒಂದೊಂದೇ ಫ್ರೆಟ್ ಬಡಿಯುತ್ತಾ ಹೋಗಿ, ಸದ್ದು ಕೆಡುವ ಜಾಗವನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ ತೋರಿಸಿ. ಎರಡು ಮೂರು ಕಡೆ ಮಾತ್ರ ಇದ್ದರೆ ಅಷ್ಟನ್ನೇ ಸಮ ಮಾಡಿಕೊಡಿ ಎಂದು ಕೇಳಿ.