ಶಿಕ್ಷೆ ಮುಗಿಸಿ ಬಂದವರು ಮತ್ತೆ ಮತ ಹಾಕಲು ಏನು ಮಾಡಬೇಕು?
ಪುಣೆಯ ಯೆರವಾಡ ಜೈಲಿನಿಂದ ಶಿಕ್ಷೆ ಮುಗಿಸಿ ಬಂದ ತಮ್ಮನಿಗೆ ಮತದಾನದ ಹಕ್ಕನ್ನು ಮರಳಿ ಕೊಡಿಸಲು ಹೈಕೋರ್ಟಿಗೆ ಹೋಗಬೇಕೇ, ಇಲ್ಲವೇ ಆರು ವರ್ಷ ಕಾಯಬೇಕೇ ಎಂದು ಕೇಳಿದ್ದೀರಿ. ಎರಡೂ ಬೇಡ. ಅವರ ಹಕ್ಕು ಹೋಗಿಲ್ಲ. ಮತದಾರರ ಪಟ್ಟಿಯಲ್ಲಿನ ಹೆಸರು ಹೋಗಿರಬಹುದು.

ನಾನೂ ಅದೇ ಜೈಲಿನಲ್ಲಿದ್ದವನು. ಖಡಕಿಯ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದ ಕಾಲದ ಹೊಡೆದಾಟದ ಪ್ರಕರಣದಲ್ಲಿ ಎರಡೂವರೆ ವರ್ಷ ಶಿಕ್ಷೆಯಾಗಿ ಹೊರಬರುವಷ್ಟರಲ್ಲಿ, ಬಾಡಿಗೆ ಕೋಣೆ ಬೇರೆಯವರ ಪಾಲಾಗಿತ್ತು. ವಿಳಾಸದಲ್ಲಿ ಯಾರೂ ಇಲ್ಲವೆಂದು ಮತದಾರರ ಪಟ್ಟಿಯಿಂದ ನನ್ನ ಹೆಸರನ್ನೂ ತೆಗೆದಿದ್ದರು. ಇದು ನನಗೆ ಗೊತ್ತಿರಲಿಲ್ಲ, ಏಕೆಂದರೆ ನಾನು ಪಟ್ಟಿಯನ್ನು ನೋಡಲೇ ಇಲ್ಲ. ಆರು ವರ್ಷ ಮತ ಹಾಕುವಂತಿಲ್ಲ ಎಂದು ನಮ್ಮೂರಿನ ಕಡೆಯ ಹಿರಿಯರೊಬ್ಬರು ಹೇಳಿದ್ದನ್ನು ನಂಬಿ ಸುಮ್ಮನಿದ್ದೆ. ಆ ಆರು ವರ್ಷದ ನಿರ್ಬಂಧ 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 8ನೇ ಸೆಕ್ಷನ್ನಿನದು. ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯಾದವರು ಬಿಡುಗಡೆಯಾದ ಮೇಲೂ ಆರು ವರ್ಷ ಚುನಾವಣೆಗೆ ನಿಲ್ಲಬಾರದೆಂದು ಅದು ಹೇಳುತ್ತದೆ. ನನಗೇನು ಶಾಸಕನಾಗುವ ಆಸೆಯಿತ್ತೇ?

ಮತದಾರನಿಗೆ ಅನ್ವಯಿಸುವುದು ಅದೇ ಕಾಯ್ದೆಯ 62(5)ನೇ ಸೆಕ್ಷನ್. ಜೈಲಿನಲ್ಲಿ ಅಥವಾ ಪೊಲೀಸರ ವಶದಲ್ಲಿ ಇರುವಷ್ಟು ಕಾಲ ಮತ ಹಾಕುವಂತಿಲ್ಲ, ಅಷ್ಟೇ. ಅದೇ ಕಾರಣಕ್ಕೆ ಆತ ಮತದಾರನಲ್ಲದವನಾಗುವುದಿಲ್ಲ ಎಂದು 2013ರ ತಿದ್ದುಪಡಿ ಸ್ಪಷ್ಟಪಡಿಸಿದೆ.

ಇಷ್ಟನ್ನು 2024ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಒಬ್ಬ ವಕೀಲರಿಂದ ತಿಳಿದ ಮೇಲೂ, ಹೋಟೆಲಿನಲ್ಲಿ ದೀಪಾವಳಿ ಫರಾಳದ (ಹಬ್ಬದ ಕುರುಕಲು ತಿಂಡಿಗಳ) ಗಡಿಬಿಡಿಯಿದ್ದುದರಿಂದ, ಮತದಾನ ನವೆಂಬರ್ 20ಕ್ಕೆ ತಾನೇ ಎಂದುಕೊಂಡು ಹಬ್ಬ ಮುಗಿಸಿ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ಫಾರಂ 6 ಹಿಡಿದು ಹೋದೆ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಯ ಪಟ್ಟಿಗೆ ಹೊಸ ಹೆಸರು ಸೇರುವುದಿಲ್ಲ. ಆ ದಿನ ಅಕ್ಟೋಬರ್ 29, ಅಂದರೆ ನರಕ ಚತುರ್ದಶಿಗೂ ಮುಂಚೆಯೇ, ಮುಗಿದುಹೋಗಿತ್ತು. ಮತದಾನದ ದಿನವನ್ನೇ ಗಡುವೆಂದು ತಿಳಿದದ್ದರಿಂದ ನನ್ನ ಒಂದು ಮತ ಹೋಯಿತು. ಹೆಸರು ಆಮೇಲೆ ಯಾವ ತಕರಾರೂ ಇಲ್ಲದೆ ಸೇರಿತು. ಫಾರಂ 6ರಲ್ಲಿ ಶಿಕ್ಷೆಯ ಬಗ್ಗೆ ಪ್ರಶ್ನೆಯೇ ಇಲ್ಲ. ವಿಳಾಸವಾಗಿ ಈಗ ವಾಸಿಸುವ ಮನೆಯದನ್ನೇ ಕೊಡಿ.

ನನ್ನನ್ನು ಕೇಳಿದರೆ, ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದವರು ಹೊರಬಂದವರಲ್ಲ, ಒಳಗಿರುವ ವಿಚಾರಣಾಧೀನ ಕೈದಿಗಳು. ಅಪರಾಧ ಸಾಬೀತಾಗಿಯೂ ಜಾಮೀನಿನ ಮೇಲೆ ಹೊರಗಿರುವವನು ಮತ ಹಾಕಬಹುದು; ಸಾಬೀತೇ ಆಗದೆ ಒಳಗಿರುವವನು ಹಾಕುವಂತಿಲ್ಲ, ಆದರೆ ಚುನಾವಣೆಗೆ ನಿಲ್ಲಬಹುದು. 2024ರಲ್ಲಿ ಕಾಶ್ಮೀರದ ರಾಜಕಾರಣಿ ಎಂಜಿನಿಯರ್ ರಶೀದ್ ವಿಚಾರಣಾಧೀನ ಕೈದಿಯಾಗಿ ತಿಹಾರ್ ಜೈಲಿನಲ್ಲಿದ್ದುಕೊಂಡೇ ಬಾರಾಮುಲ್ಲಾದಿಂದ ಸಂಸದರಾದರು. ಸುಪ್ರೀಂ ಕೋರ್ಟ್ 1997ರಲ್ಲಿಯೇ 62(5)ನ್ನು ಎತ್ತಿಹಿಡಿದಿದ್ದರೂ ನನಗದು ಇಂದಿಗೂ ಒಪ್ಪಿಗೆಯಾಗಿಲ್ಲ.

ಒಂದನ್ನು ಮಾತ್ರ ತೀರ್ಪಿನ ಪ್ರತಿಯಲ್ಲಿ ನೋಡಿಕೊಳ್ಳಿ: ಚುನಾವಣೆಯಲ್ಲಿ ಲಂಚ ಕೊಟ್ಟದ್ದು ಅಥವಾ ಬೇರೆಯವರ ಹೆಸರಿನಲ್ಲಿ ಮತ ಹಾಕಿದ್ದು ಮುಂತಾದ ಅಪರಾಧಗಳಿಗೆ ಶಿಕ್ಷೆಯಾಗಿದ್ದರೆ, ಅದೇ ಕಾಯ್ದೆಯ 11ಎ ಸೆಕ್ಷನ್ ಪ್ರಕಾರ ಮತದಾನಕ್ಕೂ ಆರು ವರ್ಷದ ನಿಷೇಧವಿದೆ. ತಮ್ಮನವರದು ಅಂಥದ್ದಲ್ಲವಾದರೆ, ಅವರ ಗುರುತಿನ ಚೀಟಿಯ ಸಂಖ್ಯೆ ಹಾಕಿ ಇಂದೇ ಪಟ್ಟಿಯಲ್ಲಿ ಹುಡುಕಿ.