ಕಮಾಂಡ್ ಜೊತೆ ಬರೆಯುವ ಆಪ್ಷನ್‌ಗಳ ಅರ್ಧ ಹೆಸರನ್ನೂ ಕಮಾಂಡ್ ಲೈನ್ ಟೂಲ್ ಒಪ್ಪಿಕೊಂಡರೆ ನೆನಪಿಡುವುದು ಸುಲಭವಾಗುತ್ತದೆಯೇ?

ಇಲ್ಲ, ಅದು ಖಂಡಿತ ಬೇಡ. ನಾನು ಅದನ್ನೇ ಮಾಡಿದ್ದೆ.

ನನ್ನದು ಪೈಥಾನ್‌ನಲ್ಲಿ ಬರೆದ ಬ್ಯಾಕಪ್ ಟೂಲ್. ಆಪ್ಷನ್ ಓದುವ ಕೆಲಸ ಪೈಥಾನ್ ಜೊತೆಗೇ ಬರುವ ಆರ್ಗ್‌ಪಾರ್ಸ್ (argparse) ಲೈಬ್ರರಿಯದು. ಉದ್ದದ ಆಪ್ಷನ್‌ನ ಮೊದಲ ಕೆಲವೇ ಅಕ್ಷರ ಕೊಟ್ಟರೂ, ಇನ್ನೊಂದರ ಜೊತೆ ಗೊಂದಲವಾಗದಿದ್ದರೆ ಅದು ಒಪ್ಪಿಕೊಳ್ಳುತ್ತದೆ. ಮೊದಲ ಆವೃತ್ತಿಯಲ್ಲಿ ‘--ಡಿಲೇ’ ಇತ್ತು, ಮತ್ತೆ ಪ್ರಯತ್ನಿಸುವ ಮುನ್ನ ಎಷ್ಟು ಸೆಕೆಂಡ್ ಕಾಯಬೇಕು ಎಂದು ಹೇಳಲು. ಬಳಸುವವರು ನಿಗದಿತ ಸಮಯಕ್ಕೆ ತಾನಾಗಿ ಓಡುವ ಕ್ರಾನ್ ಸ್ಕ್ರಿಪ್ಟ್‌ಗಳಲ್ಲಿ ‘--ಡೆಲ್ 5’ ಎಂದು ಬರೆದುಕೊಂಡರು. ಎರಡನೇ ಆವೃತ್ತಿಯಲ್ಲಿ ಅದನ್ನು ತೆಗೆದು ‘--ವೇಟ್’ ಎಂದು ಹೆಸರಿಟ್ಟೆ. ಅದೇ ಬಿಡುಗಡೆಯಲ್ಲಿ ‘--ಡಿಲೀಟ್’ ಸೇರಿಸಿದೆ, ಇಷ್ಟು ದಿನಕ್ಕಿಂತ ಹಳೆಯ ಪ್ರತಿಗಳನ್ನು ಅಳಿಸಲು. ಇಂಗ್ಲಿಷಿನಲ್ಲಿ ಎರಡಕ್ಕೂ (delay, delete) ಮೊದಲ ಮೂರು ಅಕ್ಷರ ಒಂದೇ.

ಎರಡೂ ಒಟ್ಟಿಗಿದ್ದಿದ್ದರೆ ಯಾವುದೆಂದು ತಿಳಿಯದೆ ಟೂಲ್ ಎರರ್ ಕೊಟ್ಟು ನಿಲ್ಲುತ್ತಿತ್ತು. ಒಂದನ್ನು ತೆಗೆದ ಮೇಲೆ ಗೊಂದಲವೇ ಉಳಿಯಲಿಲ್ಲ. ‘5 ಸೆಕೆಂಡ್ ಕಾಯಿ’ ಎಂದಿದ್ದ ಸಾಲು ‘5 ದಿನಕ್ಕಿಂತ ಹಳೆಯದನ್ನು ಅಳಿಸು’ ಎಂದಾಯಿತು. ಎಕ್ಸಿಟ್ ಕೋಡ್ 0, ಅಂದರೆ ಎಲ್ಲ ಸರಿ; ಲಾಗ್‌ನಲ್ಲಿ ಒಂದು ಎಚ್ಚರಿಕೆಯೂ ಇಲ್ಲ. ಹಳೆಯ ಪ್ರತಿ ಬೇಕಾಗಿ ಹುಡುಕಿದಾಗಲೇ ಗೊತ್ತಾದದ್ದು.

‘ಡಿಲೀಟ್’ ಎಂಬ ಹೆಸರನ್ನು ದೂರಿ ಫಲವಿಲ್ಲ. ಅರ್ಧ ಹೆಸರನ್ನು ಒಪ್ಪಿಕೊಂಡಿರೆಂದರೆ ಪ್ರತಿ ಆಪ್ಷನ್‌ನ ಪ್ರತಿ ತುಂಡೂ ನೀವು ಕೊಟ್ಟ ಮಾತು. ಆ ತುಂಡುಗಳು ಹೆಲ್ಪ್‌ನಲ್ಲಿಲ್ಲ, ಟೆಸ್ಟ್‌ನಲ್ಲಿಲ್ಲ, ಕಂಡವರ ಸ್ಕ್ರಿಪ್ಟ್‌ಗಳಲ್ಲಿ ಮಾತ್ರ ಇರುತ್ತವೆ. ಪೈಥಾನ್ 3.5ರಿಂದ ಆರ್ಗ್‌ಪಾರ್ಸ್‌ನಲ್ಲಿ ‘ಅಲೌ_ಅಬ್ರೆವ್’ (allow_abbrev) ಎಂಬ ಸೆಟ್ಟಿಂಗ್ ಇದೆ, ಅದನ್ನು ಫಾಲ್ಸ್ ಮಾಡಿ. ಟೂಲ್‌ನೊಳಗಿನ ಪ್ರತಿ ಸಬ್‌ಕಮಾಂಡ್‌ನ (ಉಪ ಕಮಾಂಡ್‌ನ) ಪಾರ್ಸರ್‌ಗೂ, ಅಂದರೆ ಆಪ್ಷನ್ ಓದುವ ಭಾಗಕ್ಕೂ, ಬೇರೆಯಾಗಿಯೇ ಕೊಡಬೇಕು, ಮೇಲಿನದ್ದು ಕೆಳಗಿಳಿಯುವುದಿಲ್ಲ. 3.8ಕ್ಕಿಂತ ಹಳೆಯ ಪೈಥಾನ್‌ನಲ್ಲಿ ಹೀಗೆ ಮಾಡಿದರೆ ‘-ವಿವಿ’ (-vv) ಯಂಥ ಜೋಡಿಸಿ ಬರೆದ ಒಂಟಿ ಅಕ್ಷರಗಳೂ ಕೆಲಸ ನಿಲ್ಲಿಸುತ್ತವೆ, ಗಮನವಿರಲಿ. ಟೈಪಿಂಗ್ ಉಳಿಸಬೇಕೆಂದರೆ ಟ್ಯಾಬ್ ಕೀ ಒತ್ತಿದರೆ ಹೆಸರು ಪೂರ್ತಿಯಾಗುವ ಟ್ಯಾಬ್ ಕಂಪ್ಲೀಷನ್ ಬರೆದುಕೊಡಿ. ಆಗ ಸ್ಕ್ರಿಪ್ಟ್‌ಗೆ ಹೋಗುವುದು ಪೂರ್ತಿ ಹೆಸರೇ.

ಚಿಕ್ಕದಾದರೆ ನೆನಪಿರುತ್ತದೆ ಎಂಬ ನಿಮ್ಮ ನಂಬಿಕೆಯನ್ನೇ ನಾನು ಒಪ್ಪುವುದಿಲ್ಲ. ಒಂದು ಸಬ್‌ಕಮಾಂಡ್ ಕಲಿತವರು ಇನ್ನೊಂದನ್ನು ಊಹಿಸಿ ಬರೆದರೆ ಅದು ಸರಿಯಿರಬೇಕು, ನೆನಪಿಗೆ ಬೇಕಾದದ್ದು ಅದು. ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಪೋರ್ಟ್‌ಗೆ ಸಣ್ಣ ‘-ಪಿ’ (-p), ಅಲ್ಲಿಗೆ ಫೈಲ್ ನಕಲಿಸುವ ಎಸ್‌ಸಿಪಿಯಲ್ಲಿ ದೊಡ್ಡ ‘-ಪಿ’ (-P), ಯಾಕೆಂದರೆ ಅಲ್ಲಿ ಸಣ್ಣದು ಫೈಲ್‌ನ ಸಮಯ ಉಳಿಸಲು ಮೀಸಲು. ಎರಡೂ ಒಂದೊಂದೇ ಅಕ್ಷರ, ಆದರೂ ಪ್ರತಿ ಸಲ ತಡವರಿಸುವಂತಾಗುತ್ತದೆ. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಒಂದೇ ಕೆಲಸಕ್ಕೆ ಮೂರು ರೂಪ: ಬ್ರಾಂಚ್ ಅಳಿಸಲು ‘-ಡಿ’, ರಿಮೋಟ್‌ಗೆ ‘ರಿಮೂವ್’, ಸ್ಟ್ಯಾಶ್‌ಗೆ ‘ಡ್ರಾಪ್’.

ಕೋಡ್‌ಗೆ ಮೊದಲು ಒಂದು ಕೋಷ್ಟಕ ಬರೆಯಿರಿ. ಸಾಲುಗಳಲ್ಲಿ ವಸ್ತುಗಳು, ಕಾಲಂಗಳಲ್ಲಿ ಕ್ರಿಯೆಗಳು, ಒಂದು ಕ್ರಿಯೆಗೆ ಇಡೀ ಟೂಲ್‌ನಲ್ಲಿ ಒಂದೇ ಪದ. ಒಂಟಿ ಅಕ್ಷರಗಳಿಗೆ ಇನ್ನೊಂದು ಪಟ್ಟಿ: ‘-ಎಫ್’ ಒಂದು ಕಡೆ ಫೈಲ್, ಇನ್ನೊಂದು ಕಡೆ ಫೋರ್ಸ್ ಆಗಕೂಡದು. ಅಳಿಸುವ ಆಪ್ಷನ್‌ಗೆ ಒಂಟಿ ಅಕ್ಷರ ಕೊಡಲೇಬೇಡಿ.

ಹೆಸರು ಬದಲಿಸಿದಾಗ ಹಳೆಯದನ್ನು ಪಾರ್ಸರ್‌ನಿಂದ ತೆಗೆಯಬೇಡಿ. ಬಳಸಿದರೆ ಟೂಲ್ ಸ್ಟ್ಯಾಂಡರ್ಡ್ ಎರರ್‌ಗೆ (ತಪ್ಪಿನ ಸಂದೇಶ ಬರೆಯುವ ಜಾಗಕ್ಕೆ) ಹೊಸ ಹೆಸರು ಬರೆದು, ತಪ್ಪಾಗಿದೆ ಎಂದು ಹೇಳುವ ಎಕ್ಸಿಟ್ ಕೋಡ್ 2 ಕೊಟ್ಟು ನಿಲ್ಲಲಿ. ‘--ಡಿಲೇ’ಯನ್ನು ಇಷ್ಟಕ್ಕಾದರೂ ಉಳಿಸಿಕೊಂಡಿದ್ದರೆ ‘--ಡೆಲ್ 5’ ಒಂದು ಪ್ರತಿಯನ್ನೂ ಅಳಿಸದೆ ಅಲ್ಲೇ ನಿಂತಿರುತ್ತಿತ್ತು.