‘ಸುಮ್ನೆ ಒಂದ್ಸಲ ಕಣ್ಣಾಡಿಸಿ ಕೊಡಿ’ ಎಂದರೆ ಏನು ಹೇಳಬೇಕು?

(ಹುಬ್ಬಳ್ಳಿಯ ಓದುಗರೊಬ್ಬರು ಪತ್ರಿಕೆಯ ಡೆಸ್ಕ್ ಕೆಲಸ ಬಿಟ್ಟು ಮನೆಯಿಂದಲೇ ಪುಸ್ತಕಗಳ ಸಂಪಾದನೆ ಮಾಡುತ್ತಿದ್ದಾರೆ. ಪ್ರಕಾಶಕರೊಬ್ಬರು ಆತ್ಮಕಥೆಯೊಂದರ ಹಸ್ತಪ್ರತಿ ಕೊಟ್ಟು ‘ಸುಮ್ನೆ ಒಂದ್ಸಲ ಕಣ್ಣಾಡಿಸಿ ಕೊಡಿ’ ಎಂದರಂತೆ. ಕೊನೆಗೆ ಅಧ್ಯಾಯಗಳನ್ನೇ ಹಿಂದೆಮುಂದೆ ಮಾಡಿ ಜೋಡಿಸಬೇಕಾಯಿತು. ಒಪ್ಪಿದ್ದು ಪ್ರೂಫ್ ತಿದ್ದುವ ದರ. ಆರು ತಿಂಗಳಾದರೂ ಅದೂ ಬಂದಿಲ್ಲ. ಪುಸ್ತಕದಲ್ಲಿ ಇವರ ಹೆಸರೂ ಇಲ್ಲ. ‘ಇದನ್ನೇ ವೃತ್ತಿ ಮಾಡಿಕೊಳ್ಳಬಹುದಾ, ಇಲ್ಲ ಮತ್ತೆ ನೌಕರಿ ಹುಡುಕಲಾ? ಇದರಲ್ಲೇ ಇದ್ದರೆ ಬೆಳೆಯುವುದು ಹೇಗೆ?’ ಎಂದು ಕೇಳಿದ್ದಾರೆ.)

ನಮಸ್ಕಾರ.

ನಿಮ್ಮ ಪತ್ರ ಓದಿ ಬೇಸರವಾಯಿತು. ಇಂಥ ಪತ್ರ ಇದೇ ಮೊದಲಲ್ಲ ಎನ್ನುವುದು ಇನ್ನೂ ಬೇಸರದ ಸಂಗತಿ. ನೌಕರಿ ಬೇಕೋ ಬೇಡವೋ ಎನ್ನುವುದು ನಿಮ್ಮ ಮನೆಯ ಲೆಕ್ಕ, ಅದನ್ನು ನಾನು ಹೇಳಲಾರೆ. ಆದರೆ ಈ ಕೆಲಸ ನಿಮಗೆ ಒಗ್ಗಿದೆ. ಎಡವಟ್ಟಾದದ್ದು ಬೇರೆ ಕಡೆ. ದರ ಮಾತಾಡಿದಿರಿ, ಆದರೆ ಕೆಲಸ ಯಾವುದು ಅಂತ ಇಬ್ಬರೂ ಮಾತಾಡಲಿಲ್ಲ.

ನಮ್ಮಲ್ಲಿ ಮೂರು ಕೆಲಸಗಳು ‘ಪ್ರೂಫ್ ನೋಡೋದು’ ಎಂಬ ಒಂದೇ ಹೆಸರಲ್ಲಿ ನಡೆಯುತ್ತವೆ. ಈ ವಾಕ್ಯ ನೋಡಿ: ‘ಅವರು ತಮ್ಮ ಪ್ರಾಥಮಿಕ ಶಿಕ್ಷಣವನ್ನು ತಾವು ಹುಟ್ಟಿ ಬೆಳದ ಊರಾದ ಶಿರಸಿಯಲ್ಲಿನ ಶಾಲೆಯಲ್ಲಿ ಪಡೆದುಕೊಂಡರು.’ ಪ್ರೂಫ್ ತಿದ್ದುವವರು ‘ಬೆಳದ’ವನ್ನು ‘ಬೆಳೆದ’ ಮಾಡಿ ಮುಂದೆ ಹೋಗುತ್ತಾರೆ. ಭಾಷೆ ತಿದ್ದುವವರು ‘ಅವರು ಹುಟ್ಟಿ ಬೆಳೆದದ್ದು, ಪ್ರಾಥಮಿಕ ಶಾಲೆ ಕಲಿತದ್ದು ಶಿರಸಿಯಲ್ಲೇ’ ಎಂದು ಮಾಡುತ್ತಾರೆ. ಶಿರಸಿಯೋ ಸಿರಸಿಯೋ, ಪುಸ್ತಕದ ಉದ್ದಕ್ಕೂ ಒಂದೇ ಇದೆಯಾ ಎಂದು ಹುಡುಕುತ್ತಾರೆ. ಮೂರನೆಯವರು ಲೇಖಕರಿಗೇ ಫೋನ್ ಮಾಡುತ್ತಾರೆ: ‘ಮೊದಲ ಅಧ್ಯಾಯದಲ್ಲಿ ಹುಟ್ಟಿದ್ದು ಯಲ್ಲಾಪುರ ಅಂತಿದೆಯಲ್ಲ ಸರ್, ಯಾವುದು ಸರಿ? ಶಾಲೆಯ ವಿಷಯ ಮದುವೆ ಆದಮೇಲೆ ಯಾಕೆ ಬಂತು?’ ನೀವು ಮಾಡಿದ್ದು ಈ ಮೂರನೆಯ ಕೆಲಸ. ಒಪ್ಪಿಕೊಂಡದ್ದು ಮೊದಲನೆಯದರ ದುಡ್ಡಿಗೆ.

ಮುಂದಿನ ಸಲ ಹಸ್ತಪ್ರತಿ ಬಂದ ಕೂಡಲೇ ದರ ಹೇಳಬೇಡಿ. ನಡುವಿನಿಂದ ಹತ್ತು ಪುಟ ತೆಗೆದು ತಿದ್ದಿ ನೋಡಿ. ಮೊದಲ ಅಧ್ಯಾಯ ಬೇಡ, ಅದನ್ನು ಎಲ್ಲ ಲೇಖಕರೂ ಹತ್ತಾರು ಸಲ ತಿದ್ದಿರುತ್ತಾರೆ. ಹತ್ತು ಪುಟಕ್ಕೆ ಮೂರು ಗಂಟೆ ಹಿಡಿದರೆ 200 ಪುಟಕ್ಕೆ 60 ಗಂಟೆ. ದಿನಕ್ಕೆ ನಾಲ್ಕೈದು ಗಂಟೆಗಿಂತ ಜಾಸ್ತಿ ಹೊತ್ತು ಇದೇ ಗಮನದಲ್ಲಿ ಕೂರಲು ಆಗುವುದಿಲ್ಲ. ಅಂದರೆ ಎರಡು ವಾರದ ಕೆಲಸ. ಈ ಲೆಕ್ಕ ಕೈಯಲ್ಲಿದ್ದರೆ ಮಾತಾಡಲು ಧೈರ್ಯ ಬರುತ್ತದೆ. ಇನ್ನೊಂದು ಮಾತು, ಪುಟದ ಲೆಕ್ಕಕ್ಕೆ ಒಪ್ಪಬೇಡಿ. ಎ4 ಪುಟವೇ ಬೇರೆ, ಅಚ್ಚಾದ ಪುಸ್ತಕದ ಡೆಮಿ ಅಳತೆಯ ಪುಟವೇ ಬೇರೆ. ಸಾವಿರ ಪದಕ್ಕೆ ಇಷ್ಟು ಎನ್ನಿ, ಗೊಂದಲವೇ ಇರುವುದಿಲ್ಲ.

ಫೈಲ್ ಯಾವುದರಲ್ಲಿದೆ ಅಂತಲೂ ಮೊದಲೇ ಕೇಳಿ. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಅದನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯುನಿಕೋಡ್‌ಗೆ ಬದಲಾಯಿಸಬೇಕು. ಹಾಗೆ ಮಾಡುವಾಗ ನಡುನಡುವೆ ಇರುವ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿಬಿಡುತ್ತವೆ. ವೈದ್ಯರೋ ಎಂಜಿನಿಯರೋ ಬರೆದ ಪುಸ್ತಕವಾದರೆ ಪುಟಕ್ಕೆ ಹತ್ತು ಕಡೆ ಹೀಗಾಗುತ್ತದೆ. ಒಂದೊಂದನ್ನೂ ಮೂಲ ನೋಡಿ ಸರಿಪಡಿಸಬೇಕು. ಅದಕ್ಕೆ ಹಿಡಿಯುವ ಹೊತ್ತಿಗೂ ಹಣ ಕೇಳಿ.

ಇಷ್ಟನ್ನೂ ಇಮೇಲ್‌ನಲ್ಲಿ ಬರೆಯಿರಿ: ಯಾವ ಕೆಲಸ, ಎಷ್ಟು ಸುತ್ತು ತಿದ್ದಿಕೊಡುತ್ತೀರಿ, ಮುಂಗಡ ಎಷ್ಟು, ಉಳಿದದ್ದು ಯಾವ ತಾರೀಖಿಗೆ. ‘ಲೈಬ್ರರಿ ದುಡ್ಡು ಬಂದಮೇಲೆ’ ಎಂಬ ಮಾತಿಗೆ ಒಪ್ಪಬೇಡಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನಂಬಿರುವ ಸಣ್ಣ ಪ್ರಕಾಶಕರ ಕಷ್ಟ ನಿಜ. ಹಣ ತಡವಾಗಿ ಬರುವುದೂ ನಿಜ. ಆದರೆ ಪ್ರೆಸ್ಸಿನವರಿಗೆ, ಕಾಗದದ ಅಂಗಡಿಗೆ ಹಣ ಕೊಡುತ್ತಾರೆ ತಾನೇ? ನಿಮಗೂ ಕೊಡಬೇಕು.

ಸಣ್ಣ ಉದ್ಯಮಗಳ ನೋಂದಣಿಗೆ ಕೇಂದ್ರ ಸರ್ಕಾರ ಮಾಡಿರುವ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಿ. ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಬರಹದಲ್ಲಿ ಒಪ್ಪಂದವಿದ್ದರೂ ಪಾವತಿಯನ್ನು 45 ದಿನ ಮೀರಿ ತಳ್ಳುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಇದ್ದರೆ ಕೊಡುವವರೂ ಎಚ್ಚರವಾಗಿರುತ್ತಾರೆ. ಹಳೆಯ ಬಾಕಿಗೆ ಇದನ್ನು ನಂಬಿಕೊಳ್ಳಬೇಡಿ, ಇದು ಮುಂದಿನ ಕೆಲಸಗಳಿಗೆ.

ಇನ್ನು ನೀವು ಕೇಳಿದ ‘ಬೆಳೆಯುವುದು ಹೇಗೆ’. ನನಗೆ ತುಂಬ ಮುಖ್ಯ ಅನಿಸುವುದು ಇದೇ. ಪುಸ್ತಕ ಅಚ್ಚಾದಮೇಲೆ ನಿಮ್ಮ ಪ್ರತಿಯನ್ನೂ ಅದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಲೇಖಕರು ನಿಮ್ಮ ಯಾವ ತಿದ್ದುಪಡಿಯನ್ನು ಕೈಬಿಟ್ಟಿದ್ದಾರೆ? ಯಾಕೆ? ಅಷ್ಟು ಕಲಿಸುವ ಕೋರ್ಸ್ ಇಲ್ಲ. ಡೆಸ್ಕ್‌ನಿಂದ ಬಂದವರಿಗೆ ಎಲ್ಲವನ್ನೂ ಪತ್ರಿಕೆಯ ಕನ್ನಡಕ್ಕೆ ತರುವ ಅಭ್ಯಾಸ ಇರುತ್ತದೆ. ಧಾರವಾಡದ ಅಜ್ಜಿ ‘ಹೊಂಟೇನಿ’ ಅಂದರೆ ಅದನ್ನು ‘ಹೊರಟಿದ್ದೇನೆ’ ಮಾಡಬಾರದು. ಆದರೆ ಅದೇ ಅಜ್ಜಿ ಮುಂದಿನ ಪುಟದಲ್ಲಿ ‘ಹೋಗ್ತೀನಿ’ ಅಂದರೆ ಲೇಖಕರನ್ನು ಕೇಳಲೇಬೇಕು. ಪ್ರತಿ ಪುಸ್ತಕಕ್ಕೂ ಇಂಥ ರೂಪಗಳ ಪಟ್ಟಿ ಮಾಡಿ, ಪುಟ ಜೋಡಿಸುವ ಡಿಟಿಪಿಯವರಿಗೂ ಒಂದು ಪ್ರತಿ ಕೊಡಿ.

ಜೊತೆಗಾರರನ್ನೂ ಹುಡುಕಿಕೊಳ್ಳಿ. ಬ್ರಿಟನ್ನಿನ ಸಂಪಾದಕರು 1988ರಲ್ಲಿ ಸಂಘ ಕಟ್ಟಿಕೊಂಡರು. ಇಂದು ಅದು ತರಬೇತಿ ಕೊಡುತ್ತದೆ, ಗಂಟೆಗೆ ಕನಿಷ್ಠ ಇಷ್ಟು ಎಂಬ ದರವನ್ನೂ ಸೂಚಿಸುತ್ತದೆ. ನಾವು ಅಷ್ಟು ದೊಡ್ಡದಕ್ಕೆ ಕಾಯಬೇಕಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲೇ ನಾಲ್ಕು ಜನ ಸೇರಿ ಒಂದೇ ಪುಟವನ್ನು ತಿದ್ದಿ, ಹೋಲಿಸಿ ನೋಡಿ. ಯಾರು ಎಷ್ಟು ದರ ಪಡೆಯುತ್ತೀರಿ ಅಂತ ಮುಚ್ಚಿಡದೆ ಹೇಳಿಕೊಳ್ಳಿ.

ಬಾಕಿ ಹಣಕ್ಕೆ ಈ ವಾರವೇ ಬರೆಯಿರಿ. ಹಸ್ತಪ್ರತಿ ಸಿಕ್ಕ ದಿನ, ಒಪ್ಪಿಸಿದ ದಿನ, ಒಪ್ಪಿದ ಮೊತ್ತ, ನೀವು ಕೊಡುವ ಗಡುವು ಇಷ್ಟೇ ಇರಲಿ. ಸಿಟ್ಟಿನ ಮಾತು ಬೇಡ. ಎರಡನೇ ಮುದ್ರಣದಲ್ಲಿ ನಿಮ್ಮ ಹೆಸರು ಹಾಕಬೇಕೆಂದು ಅದೇ ಪತ್ರದಲ್ಲಿ ಕೇಳಿ.

– ಸಂ.